ಶರಬತ್ತಿನ ಲೋಟದಲ್ಲಿ ಸೊಪ್ಪೆಷ್ಟು, ಸಕ್ಕರೆಯೆಷ್ಟು?

ಕಳೆದ ರಮಝಾನಿನಲ್ಲಿ ಐವತ್ತೈದರ ಆಸುಪಾಸಿನ ಮಹಿಳೆಯೊಬ್ಬರು ಮಗಳ ಜೊತೆ ನನ್ನ ಕ್ಲಿನಿಕ್ಕಿಗೆ ಬಂದರು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ವೈದ್ಯರನ್ನು ಕೇಳಿಯೇ ಉಪವಾಸ ಹಿಡಿದಿದ್ದರು, ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಆದರೂ ಇಫ್ತಾರ್ ಆಗಿ ಎರಡು ಗಂಟೆಗೆ ರಕ್ತದ ಸಕ್ಕರೆ 300 ದಾಟುತ್ತಿತ್ತು. "ಸಿಹಿತಿಂಡಿ ಮುಟ್ಟಿಲ್ಲ ಡಾಕ್ಟ್ರೇ. ಮನೆಯ ಪುದೀನದ ಶರಬತ್ತು ಮಾತ್ರ. ಅದು ತಂಪಲ್ವಾ?" ಎಂದರು. ದಿನಕ್ಕೆ ಎಷ್ಟು ಲೋಟ? ಮೂರು. ಲೋಟಕ್ಕೆ ಎಷ್ಟು ಸಕ್ಕರೆ? ತಾಯಿ ಸುಮ್ಮನಿದ್ದರು, ಮಗಳು ಹೇಳಿದಳು: ನಾಲ್ಕು ಚಮಚ.

ಹನ್ನೆರಡು ಚಮಚವೆಂದರೆ ಸುಮಾರು 50 ಗ್ರಾಂ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯಂಗಳದ ಸೊಪ್ಪು ಹಾಕಿದ ಮಾತ್ರಕ್ಕೆ ಸಕ್ಕರೆ ಔಷಧಿಯಾಗುವುದಿಲ್ಲ.

ಇನ್ನು ಪುದೀನ ತಂಪು ಎಂಬ ಮಾತು. ನಿಮಗೆ ಆಶ್ಚರ್ಯವಾಗಬಹುದು, ನಮ್ಮ ಯುನಾನಿ ಗ್ರಂಥಗಳು ಪುದೀನದ ಮಿಝಾಜ್ ಉಷ್ಣ ಮತ್ತು ಶುಷ್ಕ ಎನ್ನುತ್ತವೆ. ಅದರಲ್ಲಿರುವ ಮೆಂಥಾಲ್ ನಾಲಗೆಯ ನರಗಳಿಗೆ ತಂಪಿನ ಅನುಭವ ಕೊಡುತ್ತದೆಯೇ ಹೊರತು ಮೈಯ ಬಿಸಿಯನ್ನು ಇಳಿಸುವುದಿಲ್ಲ. ಅದರ ನಿಜವಾದ ಉಪಕಾರ ಹೊಟ್ಟೆಗೆ. ಹೊಟ್ಟೆಯುಬ್ಬರ, ಅಜೀರ್ಣ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಹಳೆಯ ಹಕೀಮರು ಪುದೀನವನ್ನು ತಂಪು ಗುಣದ ಸಿರ್ಕಾದ, ಅಂದರೆ ವಿನೆಗರ್‌ನ, ಜೊತೆ ಸೇರಿಸುತ್ತಿದ್ದರು. ಅದೇ ಸಿಕಂಜಬೀನ್. ಪಾರಸಿಯಲ್ಲಿ ಸಿರ್ಕಾ ಮತ್ತು ಜೇನು ಎಂಬ ಎರಡು ಪದಗಳು ಕೂಡಿ ಆದ ಹೆಸರು. ಇಬ್ನ್ ಸೀನಾರ 'ಅಲ್ ಕಾನೂನ್' ಗ್ರಂಥದಲ್ಲೂ ಇದರ ಪ್ರಸ್ತಾಪವಿದೆ.

ಮೂಲ ಸಿಕಂಜಬೀನ್ ಪಾಕದಂತೆ ಸಿಹಿ. ನಾನು ಹೇಳುವುದು ತೆಳುವಾದದ್ದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಇಪ್ಪತ್ತು ಪುದೀನ ಎಲೆಗಳನ್ನು ಕೈಯಲ್ಲೇ ಹಿಸುಕಿ ಹಾಕಿ. ಎರಡು ಚಮಚ ವಿನೆಗರ್ ಅಥವಾ ಒಂದು ನಿಂಬೆಯ ರಸ, ನಾಲ್ಕು ಸಣ್ಣ ಚಮಚ ಸಕ್ಕರೆ, ಕಾಲು ಚಮಚ ಉಪ್ಪು ಸೇರಿಸಿ ಒಂದು ಗಂಟೆ ಬಿಟ್ಟು ಸೋಸಿ. ಐದು ಲೋಟವಾಗುತ್ತದೆ, ಲೋಟಕ್ಕೆ ಒಂದು ಚಮಚ ಸಕ್ಕರೆಯೂ ಬೀಳುವುದಿಲ್ಲ. ಮೊದಲ ದಿನ ಮಕ್ಕಳು ಮುಖ ಸಿಂಡರಿಸುತ್ತಾರೆ. ನಾಲ್ಕು ದಿನ ತಾಳಿ. ಹುಳಿ ಇರುವುದರಿಂದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲೇ ಇಡಿ. ಅಲ್ಯೂಮಿನಿಯಂ, ತಾಮ್ರ ಬೇಡ.

ಸಕ್ಕರೆ ಕಾಯಿಲೆಯವರಿಗೆ ನನ್ನ ಆಯ್ಕೆ ಮಜ್ಜಿಗೆ. ಮಜ್ಜಿಗೆ ಹುಲ್ಲಿನ ಹೆಸರಲ್ಲೇ ಅದರ ಕೆಲಸವಿದೆ. ಒಂದು ಎಸಳು ಜಜ್ಜಿ, ಸ್ವಲ್ಪ ಶುಂಠಿ, ಚಿಟಿಕೆ ಉಪ್ಪಿನೊಂದಿಗೆ ನೀರು ಮಜ್ಜಿಗೆಗೆ ಹಾಕಿಡಿ. ಪರಿಮಳ ಬಂದರೆ ಸಕ್ಕರೆಯ ನೆನಪೇ ಬರುವುದಿಲ್ಲ. ಆ ಮಹಿಳೆಗೂ ಇದನ್ನೇ ಹೇಳಿದೆ, ಮಾತ್ರೆ ಕೊಟ್ಟ ವೈದ್ಯರನ್ನು ಮತ್ತೊಮ್ಮೆ ಕಾಣಲೂ ಹೇಳಿದೆ.

ಕಾಮಕಸ್ತೂರಿ ಬೀಜ ನಮ್ಮಲ್ಲಿ ತುಖ್ಮೆ ರೈಹಾನ್. ಒಂದು ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿದರೆ ಲೋಳೆಗಟ್ಟಿ ಉಬ್ಬುತ್ತದೆ, ಮಲಬದ್ಧತೆಗೂ ಒಳ್ಳೆಯದು. ಆದರೆ ಒಣ ಬೀಜವನ್ನು ಬಾಯಿಗೆ ಹಾಕಿ ನೀರು ಕುಡಿಯಬೇಡಿ, ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು. ಪುಟ್ಟ ಮಕ್ಕಳಿಗಂತೂ ನೆನೆಸಿದ್ದನ್ನೂ ಕೊಡಬೇಡಿ.

ಗಿಡ ಬೆಳೆಸಲು ಅಂಗಳವೇ ಬೇಕೆಂದಿಲ್ಲ. ಸಂತೆಯಿಂದ ತಂದ ಪುದೀನದ ಗಟ್ಟಿ ಕಡ್ಡಿಗಳ ಕೆಳ ಎಲೆ ಕಿತ್ತು ನೀರಿನ ಲೋಟದಲ್ಲಿಟ್ಟರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ. ಅರೆನೆರಳಿನ ಕುಂಡ ಸಾಕು. ವುಝೂ ಮಾಡಿದ ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದು ಬುಡಕ್ಕೆ ಹಾಕಿ. ಸೋಪಿನ ನೀರು, ಚರಂಡಿ ಪಕ್ಕದ ನೀರು ಬೇಡ. ಹಸಿಯಾಗಿ ಬಳಸುವ ಸೊಪ್ಪಾದ್ದರಿಂದ ಎಲೆಗಳನ್ನು ಎರಡು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆಯಲೇಬೇಕು. ಹೊರಗಿನಿಂದ ತಂದ ಐಸ್ ಯಾವ ನೀರಿನದ್ದೆಂದು ನಿಮಗೆ ತಿಳಿಯದು. ಕಾಮಾಲೆ, ಟೈಫಾಯ್ಡ್ ಎರಡೂ ಕಲುಷಿತ ನೀರಿನಿಂದ ಬರುತ್ತವೆ, ನೀರು ಹೆಪ್ಪುಗಟ್ಟಿದರೂ ರೋಗಾಣು ಸಾಯುವುದಿಲ್ಲ.

ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸೆಕೆಯಿದ್ದರೂ ತಾಯಿಯ ಹಾಲು ಮಾತ್ರ. ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ರಕ್ತದೊತ್ತಡದವರು ಉಪ್ಪು ಬಿಡಿ. ಕಿಡ್ನಿ ತೊಂದರೆಯವರು ದಿನಕ್ಕೆ ಎಷ್ಟು ನೀರು, ಎಳನೀರು ಕುಡಿಯಬಹುದೇ ಎಂದು ವೈದ್ಯರಲ್ಲಿ ಕೇಳಿಕೊಳ್ಳಿ.

ಬಿಸಿಲಿನಲ್ಲಿ ಕೆಲಸ ಮಾಡಿ ಬಂದವರ ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಶರಬತ್ತು ಮಾಡಲು ಅಡುಗೆಮನೆಗೆ ಓಡಬೇಡಿ. ಬಾಯಿಗೆ ಏನನ್ನೂ ಹಾಕಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ.