ಕೇಕಿನ ಒಡೆಯನಿಗೆ ಕುರ್ಚಿಯಿಲ್ಲ

ಪ್ರಶ್ನೆ: ಮಗಳ ಇತಿಹಾಸದ ಪುಸ್ತಕದಲ್ಲಿ ಒಂದು ಹಳೆಯ ವ್ಯಂಗ್ಯಚಿತ್ರ ನೋಡಿದೆ. ರಾಜರಾಣಿಯರು ಮೇಜಿನ ಸುತ್ತ ಸೇರಿ, ಚೀನಾ ಎಂದು ಬರೆದ ಕೇಕು ಕತ್ತರಿಸುತ್ತಿದ್ದಾರೆ. ಅವರೆಲ್ಲ ಯಾರು? ಕೇಕೇ ಯಾಕೆ?

ಉತ್ತರ: ಅದು ಪ್ಯಾರಿಸ್ಸಿನ ‘ಲ ಪೆತಿ ಜುರ್ನಾಲ್’ ಪತ್ರಿಕೆಯ ಪುರವಣಿಯಲ್ಲಿ 1898ರ ಜನವರಿ 16ರಂದು ಬಂದ ಚಿತ್ರ. ಬರೆದವರು ಆನ್ರಿ ಮೇಯರ್. ತಾರೀಖಿನಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವಿದೆ. ಜನವರಿ 6ರ ಹಬ್ಬಕ್ಕೆ ಫ್ರೆಂಚರ ಮನೆಮನೆಯಲ್ಲಿ ‘ರಾಜರ ಕೇಕು’ ಕತ್ತರಿಸುತ್ತಾರೆ. ಹಿಂದೆ ಅದರೊಳಗೆ ಒಂದು ಕಾಳು ಅಡಗಿರುತ್ತಿತ್ತು, ಅದು ಯಾರ ಪಾಲಿಗೆ ಬಂತೋ ಅವತ್ತಿಗೆ ಅವರೇ ರಾಜ. ಹಬ್ಬ ಮುಗಿದು ಹತ್ತೇ ದಿನಕ್ಕೆ ಬಂದ ಈ ಚಿತ್ರಕ್ಕೆ ಮೇಯರ್ ‘ರಾಜರ ಮತ್ತು ಚಕ್ರವರ್ತಿಗಳ ಕೇಕು’ ಎಂದು ಹೆಸರಿಟ್ಟರು. ಓದುಗರಿಗೆ ಬೇರೆ ವಿವರಣೆಯೇ ಬೇಕಿರಲಿಲ್ಲ.

ಈಗ ಮೇಜಿನ ಹತ್ತಿರ ಬನ್ನಿ. ಕಣ್ಣು ಕೆಕ್ಕರಿಸಿದ ಮುದುಕಿ ಬ್ರಿಟನ್ನಿನ ವಿಕ್ಟೋರಿಯಾ ರಾಣಿ. ಆಕೆ ದುರುಗುಟ್ಟಿ ನೋಡುತ್ತಿರುವುದು ಜರ್ಮನಿಯ ಎರಡನೇ ವಿಲ್‌ಹೆಲ್ಮನನ್ನು, ಅಂದರೆ ಸ್ವಂತ ಮಗಳ ಮಗನನ್ನು. ಅವನ ಚಾಕು ಆಗಲೇ ಕಿಯಾವ್‌ಚೌ ಎಂದು ಬರೆದ ತುಂಡಿಗೆ ನಾಟಿದೆ. ಶಾಂಡೊಂಗ್ ಪ್ರಾಂತದಲ್ಲಿ ಇಬ್ಬರು ಜರ್ಮನ್ ಪಾದ್ರಿಗಳ ಕೊಲೆಯಾದದ್ದನ್ನೇ ನೆಪ ಮಾಡಿಕೊಂಡು, ಎರಡು ತಿಂಗಳ ಹಿಂದಷ್ಟೇ ಜರ್ಮನ್ ನೌಕಾಪಡೆ ಆ ಹೆಸರಿನ ಕೊಲ್ಲಿಯನ್ನು ಹಿಡಿದಿತ್ತು. ಪಕ್ಕದಲ್ಲಿ ರಷ್ಯದ ಎರಡನೇ ನಿಕೋಲಸ್. ಅವನ ಕಣ್ಣು ಚೀನಾದ ಬಂದರು ಪೋರ್ಟ್ ಆರ್ಥರ್ ಮೇಲೆ. ಅವನೂ ಹೊರಗಿನವನಲ್ಲ, ವಿಕ್ಟೋರಿಯಾಳ ಮೊಮ್ಮಗಳ ಗಂಡ. ಖಡ್ಗ ಕೆಳಗಿಟ್ಟು ಯೋಚನೆಗೆ ಬಿದ್ದ ಸಮುರಾಯಿಯೇ ಜಪಾನ್. ಅವನ ಯೋಚನೆಗೆ ಕಾರಣವಿತ್ತು. 1895ರಲ್ಲಿ ಚೀನಾವನ್ನು ಸೋಲಿಸಿ ಪಡೆದಿದ್ದ ಪೋರ್ಟ್ ಆರ್ಥರನ್ನು ರಷ್ಯ, ಜರ್ಮನಿ, ಫ್ರಾನ್ಸ್ ಒಟ್ಟಾಗಿ ಒತ್ತಡ ಹೇರಿ ಬಿಡಿಸಿದ್ದವು. ಈಗ ಅದೇ ಜಾಗಕ್ಕೆ ರಷ್ಯವೇ ಕೈಹಾಕಿತ್ತು. ಈ ಲೆಕ್ಕ ಚುಕ್ತಾ ಆದದ್ದು 1904ರ ರಷ್ಯ-ಜಪಾನ್ ಯುದ್ಧದಲ್ಲಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಿಕೋಲಸನ ಬೆನ್ನಿಗೆ ಆತುಕೊಂಡು ನಿಂತ ಹೆಣ್ಣು. ಆಕೆ ಮರಿಯಾನ್, ಫ್ರಾನ್ಸ್ ಗಣರಾಜ್ಯದ ಸಂಕೇತ. ಆಕೆ ಕೇಕಿಗೆ ಕೈಹಚ್ಚಿಲ್ಲ. ಮಿತ್ರರಾಷ್ಟ್ರ ರಷ್ಯದ ಜೊತೆಗೆ ಸುಮ್ಮನೆ ನಿಂತಿದ್ದಾಳೆ. ಆದರೆ ಅದೇ ವರ್ಷ ಫ್ರಾನ್ಸ್ ಕೂಡ ದಕ್ಷಿಣ ಚೀನಾದ ಗ್ವಾಂಗ್‌ಝೌ ಕೊಲ್ಲಿಯಲ್ಲಿ ತನ್ನ ಬಾವುಟ ಏರಿಸಿತು. ಇಂಥ ಚಿತ್ರಗಳನ್ನು ಓದುವಾಗ ಇದನ್ನು ಮರೆಯಬಾರದು. ಅವು ನೆರೆಯವರ ಹಸಿವನ್ನು ಬಯಲಿಗೆಳೆಯುತ್ತವೆ, ತಮ್ಮ ಮನೆಯ ಹಸಿವನ್ನು ಮುಚ್ಚಿಡುತ್ತವೆ. ಹಿಂದೆ ಎರಡೂ ಕೈ ಎತ್ತಿ ಕಿರುಚುತ್ತಿರುವವನು ಚೀನಾದ ಅಧಿಕಾರಿ. ಕೇಕು ಅವನದು, ಆದರೆ ಅವನೊಬ್ಬನಿಗೆ ಮೇಜಿನಲ್ಲಿ ಜಾಗವಿಲ್ಲ. ಸಾಲದ್ದಕ್ಕೆ ಅವನ ಉದ್ದುದ್ದ ಉಗುರು, ಜಡೆ ಎಲ್ಲವನ್ನೂ ಅಪಹಾಸ್ಯಕ್ಕೆಂದೇ ಬರೆದಿದ್ದಾರೆ. ಅವನ ಮೇಲೆ ಆಗುತ್ತಿರುವ ಅನ್ಯಾಯವನ್ನು ಕಂಡ ಕಣ್ಣೇ ಅವನನ್ನು ಮನುಷ್ಯನಾಗಿ ಕಾಣಲಿಲ್ಲವಲ್ಲ ಎಂದು ಪ್ರತಿ ಸಲವೂ ಬೇಸರವಾಗುತ್ತದೆ.

ಊಟದ ಮೇಜಿನ ಈ ರೂಪಕ ಮೇಯರ್‌ಗಿಂತ ಹಳೆಯದು. 1805ರಲ್ಲಿ ಲಂಡನ್ನಿನ ಜೇಮ್ಸ್ ಗಿಲ್‌ರೇ ಭೂಗೋಳವನ್ನೇ ಹಬೆಯಾಡುವ ಪುಡಿಂಗಾಗಿ ಬರೆದ. ನೆಪೋಲಿಯನ್ ಯುರೋಪನ್ನು ಕೊಯ್ದುಕೊಳ್ಳುತ್ತಾನೆ, ಬ್ರಿಟನ್ನಿನ ಪ್ರಧಾನಿ ಪಿಟ್ ಸಾಗರದ ಪಾಲನ್ನು.

ಅದೇ ಗಿಲ್‌ರೇ ಅದಕ್ಕೂ ಮುಂಚೆ ನಮ್ಮ ಶ್ರೀರಂಗಪಟ್ಟಣವನ್ನೂ ಬರೆದಿದ್ದ. 1791ರ ಮೇ ತಿಂಗಳಲ್ಲಿ ಕೋಟೆಯ ಹತ್ತಿರದವರೆಗೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಮಳೆಗೆ ಸಿಕ್ಕಿ, ಎತ್ತುಗಳು ಸತ್ತು, ದವಸ ಮುಗಿದು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಆ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಅಚ್ಚಾದ ಚಿತ್ರದಲ್ಲಿ ಟಿಪ್ಪು ಕೋಟೆಯ ಮೇಲೆ ನಿಂತು, ಓಡುತ್ತಿರುವ ಇಂಗ್ಲಿಷರ ಮೇಲೆ ಉಚ್ಚೆ ಹೊಯ್ಯುತ್ತಾನೆ. ಮುಂಗಾರು ಎಂದು ಗಿಲ್‌ರೇ ಕರೆದದ್ದು ಅದನ್ನೇ. ಗುರಿ ಇದ್ದದ್ದು ಕಾರ್ನ್‌ವಾಲಿಸನ ಮೇಲೆ, ಟಿಪ್ಪುವಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದರೂ ಇಲ್ಲಿ ನಾಡಿನ ಒಡೆಯ ಕೈ ಎತ್ತಿ ಕಿರುಚುತ್ತಿಲ್ಲ, ಎತ್ತರದಲ್ಲಿ ನಿಂತಿದ್ದಾನೆ.

ಮಾರನೆಯ ವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದ. 1792ರ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು. ಅದನ್ನು ಈಸ್ಟ್ ಇಂಡಿಯಾ ಕಂಪನಿ, ಮರಾಠರು, ನಿಜಾಮ ಮೂವರೂ ಹಂಚಿಕೊಂಡರು.