ಆಂಗ್ಲ ವಾಕ್ಯದಲ್ಲಿ ಕ್ರಿಯಾವಿಶೇಷಣದ ಸ್ಥಾನ

ನಮ್ಮಲ್ಲಿ ಕಲಿತು ದಾದಿಯಾಗಿರುವ ಹಗರೆಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ನಮ್ಮನ್ನು ಕಾಣಲು ಬಂದು, ತನ್ನಿಂದಾದ ಒಂದು ಪ್ರಮಾದವನ್ನು ಹೇಳಿಕೊಂಡಳು. ಮಗುವೊಂದಕ್ಕೆ ರಾತ್ರಿ ಹಾಲನ್ನು ಮಾತ್ರ ಕೊಡತಕ್ಕದ್ದೆಂದು ಅವಳು ಬರೆದಿಡಬೇಕಾಗಿದ್ದಿತು. ‘ಗಿವ್ ಮಿಲ್ಕ್ ಓನ್ಲಿ ಅಟ್ ನೈಟ್’ ಎಂದು ಬರೆದಳು. ಮರುದಿನದ ದಾದಿಯು ‘ರಾತ್ರಿಯಲ್ಲಿ ಮಾತ್ರ’ ಎಂದು ಗ್ರಹಿಸಿ, ಹಗಲು ಹಾಲನ್ನೇ ಕೊಡಲಿಲ್ಲ. ಸಂಜೆಗೆ ತಪ್ಪು ತಿಳಿದುದರಿಂದ ಕೇಡಾಗಲಿಲ್ಲ. ಆದರೆ ಕಲಿಸಿದ ನಮಗೆ ನಾಚಿಕೆಯಾಯಿತು. ನಾವು ನಿಯಮವನ್ನು ಬಾಯಿಪಾಠ ಮಾಡಿಸಿದ್ದೆವೇ ಹೊರತು ಕಾರಣವನ್ನು ತಿಳಿಸಿರಲಿಲ್ಲ.

ಕಾರಣವಿದು. ಕನ್ನಡದಲ್ಲಿ ‘ಮಾತ್ರ’ ಎಂಬುದು ತಾನು ಮಿತಿಗೊಳಿಸುವ ಪದವಾದ ಬಳಿಕ ಬರುತ್ತದೆ. ಆಂಗ್ಲದ ‘ಓನ್ಲಿ’ ಸಾಮಾನ್ಯವಾಗಿ ಆ ಪದಕ್ಕೆ ಮೊದಲೇ ಬರುತ್ತದೆ. ‘ಗಿವ್ ಓನ್ಲಿ ಮಿಲ್ಕ್ ಅಟ್ ನೈಟ್’ ಎಂದಿದ್ದರೆ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ.

ಇನ್ನೊಂದು ಭೇದವುಂಟು. ‘ಹಾಲನ್ನು’ ಎಂಬ ಪದವು ವಾಕ್ಯದಲ್ಲಿ ಎಲ್ಲಿದ್ದರೂ ವಿಭಕ್ತಿಪ್ರತ್ಯಯದಿಂದ ಕರ್ಮಪದವೆಂದು ತಿಳಿಯುತ್ತದೆ. ಆಂಗ್ಲ ನಾಮಪದಕ್ಕೆ ಅಂಥ ಪ್ರತ್ಯಯವಿಲ್ಲ; ಅದರ ಸ್ಥಾನವೇ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ಆದುದರಿಂದ ಈ ಮೂರು ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು.

1. ಕ್ರಿಯಾಪದಕ್ಕೂ ಕರ್ಮಪದಕ್ಕೂ ನಡುವೆ ಕ್ರಿಯಾವಿಶೇಷಣವನ್ನು ತೂರಿಸಬಾರದು. ‘ಷಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ತಪ್ಪು; ‘ಷಿ ಸ್ಪೀಕ್ಸ್ ಇಂಗ್ಲಿಷ್ ವೆಲ್’ ಸರಿ.

2. ‘ಆಲ್ವೇಸ್’, ‘ಆಫನ್’, ‘ನೆವರ್’ ಮುಂತಾದುವು ಮುಖ್ಯ ಕ್ರಿಯಾಪದಕ್ಕೆ ಮೊದಲು ಬರುತ್ತವೆ: ‘ಷಿ ಆಫನ್ ಗೋಸ್ ಟು ಹಳೇಬೀಡು’. ಆದರೆ ‘ಈಸ್’, ‘ಆರ್’, ‘ವಾಸ್’ ಇವುಗಳಾದ ಮೇಲೆ ಬರುತ್ತವೆ: ‘ಷಿ ಈಸ್ ಆಲ್ವೇಸ್ ಲೇಟ್’. ಸಹಾಯಕ ಕ್ರಿಯಾಪದಗಳಿದ್ದಲ್ಲಿ ಮೊದಲನೆಯದರ ಬಳಿಕ ಇಡಬೇಕು: ‘ಷಿ ಹ್ಯಾಸ್ ನೆವರ್ ಸೀನ್ ಬೇಲೂರು’.

3. ರೀತಿ, ಸ್ಥಳ, ಕಾಲ ಎಂಬುದೇ ಆಂಗ್ಲದ ವಾಡಿಕೆಯ ಕ್ರಮ. ‘ನಿನ್ನೆ ಹಗರೆಯಲ್ಲಿ ಚೆನ್ನಾಗಿ ಹಾಡಿದಳು’ ಎಂಬುದು ‘ಷಿ ಸ್ಯಾಂಗ್ ವೆಲ್ ಇನ್ ಹಗರೆ ಎಸ್ಟರ್ಡೇ’ ಎಂದಾಗುತ್ತದೆ. ಕನ್ನಡದ ಕ್ರಮವನ್ನು ಕನ್ನಡಿಯಲ್ಲಿ ನೋಡಿದಂತೆ ಎಲ್ಲವೂ ತಿರುಗುಮುರುಗಾಗಿರುವುದನ್ನು ಗಮನಿಸಿರಿ. ಕಾಲವಾಚಕವನ್ನು ವಾಕ್ಯದ ಮೊದಲಿಗೂ ಇಡಬಹುದು.

ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ತಮಗೆ ಆಂಗ್ಲಭಾಷೆ ಬಾರದೆಂದು ಹಿಂಜರಿಯಬೇಡಿರಿ. ಮಗಳು ಬರೆದ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ, ‘ಇದಕ್ಕೆ ಬೇರೊಂದು ಅರ್ಥವೂ ಆಗುತ್ತದೆಯೇ?’ ಎಂದು ಕೇಳಿರಿ. ಈಗ ನಮ್ಮ ತರಗತಿಗಳಲ್ಲಿ ನಾವೂ ಮೊದಲು ಈ ಪ್ರಶ್ನೆಯನ್ನೇ ಕೇಳುತ್ತೇವೆ. ನಿಯಮವನ್ನು ಆಮೇಲೆ ಹೇಳುತ್ತೇವೆ.