ಬಟ್ಟಲು ಮತ್ತೆ ಮತ್ತೆ ಬರಿದಾದರೆ

"ಅಮ್ಮಾ, ನಾಯಿ ಬಟ್ಟಲು ಮತ್ತೆ ಖಾಲಿ!" ಎಂದು ಮಗು ದಿನಕ್ಕೆ ನಾಲ್ಕು ಸಲ ಹೇಳತೊಡಗಿದರೆ ಕಿವಿಗೆ ಹಾಕಿಕೊಳ್ಳಿ. ನೀರು ತುಂಬಿಸುವುದು ಮಕ್ಕಳ ಕೆಲಸವಾಗಿರುವ ಮನೆಗಳಲ್ಲಿ ಈ ಬದಲಾವಣೆ ಮೊದಲು ಕಾಣುವುದು ಅವರಿಗೇ.

ಬಿಸಿಲು ಏರಿದಾಗ, ಮೊಸರನ್ನ ಬಿಡಿಸಿ ಒಣ ತಿನಿಸು ಹಾಕತೊಡಗಿದಾಗ ನಾಯಿ ಹೆಚ್ಚು ಕುಡಿಯುವುದು ಸಹಜ. ತುರಿಕೆಗೆ ಕೊಟ್ಟ ಸ್ಟೀರಾಯ್ಡ್ ಮಾತ್ರೆಯೂ ಬಾಯಾರಿಕೆ ಹೆಚ್ಚಿಸುತ್ತದೆ. ಅದನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ. ಆಗಲೂ ಅನುಮಾನ ಉಳಿದರೆ ಅಳೆದು ನೋಡಿ. ಬೆಳಿಗ್ಗೆ ಲೀಟರ್ ಬಾಟಲಿಯಿಂದ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ದಿನವೊಂದಕ್ಕೆ, ಪ್ರತಿ ಕಿಲೋ ತೂಕಕ್ಕೆ ನಾಯಿ 100 ಮಿಲಿಲೀಟರ್, ಬೆಕ್ಕು 50 ಮಿಲಿಲೀಟರ್ ದಾಟಿದರೆ ತಪಾಸಣೆ ಬೇಕು. 10 ಕಿಲೋ ನಾಯಿಗೆ ಅದು ಒಂದು ಲೀಟರ್. ಎರಡು ಮೂರು ದಿನದ ಲೆಕ್ಕವನ್ನು ಮಗುವಿನ ಕೈಯಲ್ಲೇ ಬರೆಸಿ.

ಮನೆಯೊಳಗೆಲ್ಲ ಉಚ್ಚೆ ಹೊಯ್ಯುತ್ತದೆಂದು ಬಟ್ಟಲು ಎತ್ತಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಿಡ್ನಿ ಸೋತಾಗ ನೀರನ್ನು ಹಿಡಿದಿಟ್ಟುಕೊಳ್ಳಲಾಗದೆ ಮೂತ್ರ ತೆಳ್ಳಗಾಗಿ ಹರಿದುಹೋಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಮೂತ್ರ ಸೇರಿದ ಸಕ್ಕರೆ ನೀರನ್ನೂ ಎಳೆದೊಯ್ಯುತ್ತದೆ. ಹೋದದ್ದನ್ನು ತುಂಬಿಕೊಳ್ಳಲು ಆ ಜೀವ ಕುಡಿಯುತ್ತಿರುತ್ತದೆ. ನೀರು ತಪ್ಪಿಸಿದರೆ ಬೇಗನೆ ಕುಸಿಯುತ್ತದೆ.

ವೈದ್ಯೆಯಾಗಿ ನನಗೆ ಹೆಚ್ಚು ಆತಂಕ ತರುವುದು ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿ. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಅದು ನೀರಿಗೆ ಮುಗಿಬಿದ್ದು, ಊಟ ಬಿಟ್ಟು, ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಏನೂ ಸುರಿಯುತ್ತಿಲ್ಲವೆಂದು ಸಮಾಧಾನಪಡಬೇಡಿ, ಬಾಯಿ ಮುಚ್ಚಿಕೊಂಡ ಗರ್ಭಕೋಶವೇ ಹೆಚ್ಚು ಅಪಾಯದ್ದು. ಲೆಕ್ಕ ಬರೆಯುತ್ತ ಕೂರದೆ ಅವತ್ತೇ ಕರೆದೊಯ್ಯಿರಿ.

ವಾಂತಿ, ತೂಕಡಿಕೆ, ಮೂತ್ರ ಕಟ್ಟುವುದು ಜೊತೆಗಿದ್ದರೂ ಅಷ್ಟೇ ಅವಸರ. ಕೇಸರಿಬಾತಿನ ಒಣದ್ರಾಕ್ಷಿಯನ್ನು ಮಗು ಪ್ರೀತಿಯಿಂದ ನಾಯಿಗೆ ತಿನ್ನಿಸಿದ್ದರೆ ಬಾಯಾರಿಕೆಗೆ ಕಾಯಬೇಡಿ, ಕೂಡಲೇ ಫೋನ್ ಮಾಡಿ. ಅದು ನಾಯಿಯ ಕಿಡ್ನಿ ಕೆಡಿಸಬಲ್ಲದು. ಮಗುವನ್ನು ಗದರಬೇಡಿ. ಎಷ್ಟು ಕೊಟ್ಟೆ ಎಂದು ಮೆತ್ತಗೆ ಕೇಳಿದರೆ ನಿಜ ಹೇಳುತ್ತದೆ, ನಮಗೆ ಬೇಕಾದದ್ದು ಅದೇ.

ಮಳೆಗಾಲದಲ್ಲಿ ಜ್ವರವಿದ್ದು ಒಸಡು ಹಳದಿಯಾಗಿದ್ದರೆ ಇಲಿ ಜ್ವರವಿರಬಹುದು. ಮೂತ್ರದಿಂದ ಮನುಷ್ಯರಿಗೂ ಹರಡುವ ಕಾಯಿಲೆ ಅದು. ಮಕ್ಕಳನ್ನು ದೂರವಿಡಿ, ಕೈಗವಸು ಹಾಕಿಕೊಂಡು ನೆಲ ಒರೆಸಿ.

ಉಳಿದಂತೆ ಆಸ್ಪತ್ರೆಗೆ ಹೊರಡುವ ದಿನ, ಸಾಧ್ಯವಾದರೆ ಬೆಳಗಿನ ಮೊದಲ ಮೂತ್ರವನ್ನು ಶುಭ್ರವಾದ ಡಬ್ಬಿಯಲ್ಲಿ ಹಿಡಿದು ತನ್ನಿ. ಮಗು ಬರೆದ ಚೀಟಿಯನ್ನೂ ತನ್ನಿ.